ಹಿಟ್ಟು ತಿಗಣೆ ಸಾಕುವ ಕ್ರಮ

ಮೊದಲು ಕುಂಡ ಆರಿಸಿ. ಖಾಲಿ ಬಣ್ಣದ ಡಬ್ಬಿ ಸಿಕ್ಕರೆ ಇನ್ನೂ ಒಳ್ಳೆಯದು. ತಳಕ್ಕೆ ತೂತು ಹಾಕಬೇಡಿ, ನೀರಿಗೆ ಬರವಿರುವ ಕುಷ್ಟಗಿಯಲ್ಲಿ ಅದನ್ನು ಪೋಲು ಮಾಡುವುದು ತಪ್ಪು. ಮಲ್ಲಿಗೆ ಬಳ್ಳಿ ನೆಟ್ಟು, ಮಾಳಿಗೆಯ ಮೇಲೆ ಗಾಳಿಯಾಡದ ಮೂಲೆಗೆ ಒತ್ತರಿಸಿಡಿ. ಪಕ್ಕದಲ್ಲೇ ಒಂದು ದಾಸವಾಳವಿರಲಿ. ಹಿಟ್ಟು ತಿಗಣೆಗೆ ದಾಸವಾಳವೆಂದರೆ ಪ್ರಾಣ. ಅಲ್ಲಿ ಸಂಸಾರ ಹೂಡಿ, ಎಲೆಗೆ ಎಲೆ ತಾಗಿದ ಕಡೆ ಮಲ್ಲಿಗೆಗೆ ದಾಟುತ್ತದೆ.

ಹೊಲಕ್ಕೆ ತಂದ ಚೀಲದಿಂದ ಒಂದು ಹಿಡಿ ಯೂರಿಯಾ ತೆಗೆದು ಬುಡಕ್ಕೆ ಸುರಿಯಿರಿ. ಸಾರಜನಕ ಹೆಚ್ಚಾದಷ್ಟೂ ಚಿಗುರು ಮೆತ್ತಗಾಗಿ ರಸ ತುಂಬುತ್ತದೆ, ಹೀರುವವರಿಗೆ ಅನುಕೂಲ. ಮೊಗ್ಗು ಕಡಿಮೆಯಾದೀತು. ಆದರೆ ಇಲ್ಲಿ ಹೂವಿನ ವಿಷಯ ಯಾರು ಎತ್ತಿದರು?

ಗೆಣ್ಣಿನಲ್ಲಿ ಬಿಳಿ ಅರಳೆಯಂಥದ್ದು ಕಂಡಾಗ ಕೈ ಕಟ್ಟಿಕೊಂಡು ನಿಲ್ಲಿ. ಆ ದಿನವೇ ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟರೆ ಕತೆ ಅಲ್ಲಿಗೇ ಮುಗಿಯುತ್ತದೆ. ಆ ಅರಳೆಯೊಳಗೆ ನೂರಾರು ತತ್ತಿ ಇರುತ್ತವೆ, ಒಡೆಯಲು ಬಿಡಿ. ಇರುವೆಗಳ ಸಾಲು ಬುಡದಿಂದ ಹತ್ತುತ್ತಿದ್ದರೆ ಪುಣ್ಯ ಬಂತೆಂದು ಸಕ್ಕರೆ ಚೆಲ್ಲಿ. ತಿಗಣೆ ವಿಸರ್ಜಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅವನ್ನು ದನ ಕಾಯುವವರಂತೆ ಕಾಯುತ್ತವೆ. ಬೇಟೆಗೆ ಬಂದ ಹುಳವನ್ನು ಓಡಿಸುತ್ತವೆ, ಮರಿಗಳನ್ನು ಹೊಸ ಚಿಗುರಿಗೆ ಹೊತ್ತೊಯ್ಯುತ್ತವೆ. ಇಷ್ಟು ನಿಯತ್ತಿನ ಆಳು ಸಂಬಳ ಕೊಟ್ಟರೂ ಸಿಗುವುದಿಲ್ಲ.

ಈಗ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವ ಮಾತು. ಗೊಬ್ಬರದ ಅಂಗಡಿಗೆ ಹೋಗಿ ಯಾವ ಹುಳ ಎಂದು ಹೇಳಬೇಡಿ, ಎಲೆ ತೋರಿಸಬೇಡಿ. ‘ಹುಳ ಬಿದ್ದಾವ್ರಿ, ಸ್ಟ್ರಾಂಗ್ ಇರೂದು ಕೊಡ್ರಿ’ ಎನ್ನಿ. ಡಬ್ಬಿಯ ಮೇಲೊಂದು ತ್ರಿಕೋನ ಇರುತ್ತದೆ. ಹಸಿರಿನದು ಎಲ್ಲಕ್ಕಿಂತ ಕಡಿಮೆ ವಿಷ, ಆಮೇಲೆ ನೀಲಿ, ಹಳದಿ, ಕೊನೆಗೆ ಕೆಂಪು. ಕೆಂಪನ್ನೇ ತನ್ನಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ದುಡ್ಡು ಉಳಿಸಬೇಕೆಂದರೆ ದಾಳಿಂಬೆ ಬೆಳೆದ ನೆಂಟರನ್ನು ಕೇಳಿ. ದುಂಡಾಣು ಅಂಗಮಾರಿಗೆಂದು ತಂದ ಔಷಧಿಯಲ್ಲಿ ಒಂದಿಷ್ಟು ಮೂಲೆಯಲ್ಲಿ ಉಳಿದಿರುತ್ತದೆ. ಬ್ಯಾಕ್ಟೀರಿಯಕ್ಕೆ ತಂದದ್ದು ತಿಗಣೆಗೆ ನಾಟುವುದಿಲ್ಲ. ನಿಮಗೆ ಬೇಕಾದದ್ದೂ ಅದೇ. ಕಟ್ಟೆಯ ಮೇಲೆ ಕೂತ ಹಿರಿಯರು ಎಂಡೋಸಲ್ಫಾನ್ ಕಾಲ ನೆನೆದು ‘ಆಗ ಹುಳ ಅಂಜತಿದ್ದವು’ ಎಂದರೆ ಹೂಂಗುಡಿ. ಅದರಿಂದ ನರಳಿದ ಕಾಸರಗೋಡಿನ ಮಕ್ಕಳ ಸುದ್ದಿ, ಅದರ ಮೇಲಿನ 2011ರ ಸುಪ್ರೀಂ ಕೋರ್ಟ್ ತಡೆ ಇವನ್ನೆಲ್ಲ ತೆಗೆದು ಹಿರಿಯರ ಮನಸ್ಸು ನೋಯಿಸಬೇಡಿ.

ಏಪ್ರಿಲ್ ತಿಂಗಳ ಮಧ್ಯಾಹ್ನ, ಎಲೆ ಬಾಡಿ ನಿಂತಾಗ ಹೊಡೆಯಿರಿ. ಎಲೆಯ ಮೇಲ್ಮೈಗೆ ಮಾತ್ರ ಹೊಡೆಯಿರಿ. ಅಡಿಯಲ್ಲಿ ಇರುವವರ ಗೊಡವೆ ನಮಗೆ ಬೇಡ. ತಿಗಣೆಯ ಮೈಗೆ ಮೇಣದ ಪುಡಿ ಮೆತ್ತಿರುವುದರಿಂದ ಬರೀ ನೀರು ಜಾರಿ ಹೋಗುತ್ತದೆ, ತುಸು ಸೋಪು ಬೆರೆಸಿದರೆ ಹಿಡಿಯುತ್ತದೆ. ಬೆರೆಸಬೇಡಿ. ಮತ್ತೆ ಮತ್ತೆ ಅದೇ ಎಣ್ಣಿ ಹೊಡೆಯಿರಿ. ಅದನ್ನು ಅರಗಿಸಿಕೊಂಡವೇ ಉಳಿದು, ಅರಗಿಸಿಕೊಳ್ಳುವ ಮರಿಗಳನ್ನೇ ಹಾಕುತ್ತವೆ.

ಇಷ್ಟಾದರೂ ಒಬ್ಬ ಶತ್ರು ಬಾಕಿ ಇದ್ದಾನೆ. ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದದ್ದು. ಹಿಟ್ಟು ತಿಗಣೆಯೇ ಇದರ ಊಟ. ಇದರ ಮರಿಯ ಮೈಮೇಲೂ ಬಿಳಿ ಮೇಣದ ಎಳೆಗಳಿರುವುದರಿಂದ ದೊಡ್ಡ ತಿಗಣೆಯಂತೆಯೇ ಕಾಣುತ್ತದೆ, ಚುರುಕಾಗಿ ಓಡಾಡುತ್ತದೆ. ಕನ್ನಡಕ ತೆಗೆದಿಟ್ಟು, ಓಡುವುದನ್ನೇ ಮೊದಲು ಹುಡುಕಿ ಹೊಸಕಿ. ಕೂತಲ್ಲೇ ಕೂತವು ಪಾಪದವು, ಅವನ್ನು ಬಿಡಿ.

ಬಾಗಿಲ ಮುಂದಿನ ಬೇವಿನ ಮರ ಉದುರಿಸಿದ ಬೀಜವನ್ನು ಗುಡಿಸಿ ತಿಪ್ಪೆಗೆ ಹಾಕಿ. ಲೀಟರ್ ನೀರಿಗೆ 50 ಗ್ರಾಂ ಬೀಜದ ಪುಡಿ ರಾತ್ರಿ ನೆನೆಸಿ, ಬೆಳಿಗ್ಗೆ ಸೋಸಿ ಹೊಡೆಯಿರಿ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಪುಕ್ಕಟೆ ಸಿಗುವ ಔಷಧಿಯನ್ನು ನಂಬುವವರುಂಟೆ! ಹೆದ್ದಾರಿಯ ಧೂಳು ಎಲೆಯ ಮೇಲೆ ಕೂತರೆ ತೊಳೆಯಲೂ ಹೋಗಬೇಡಿ. ಒಣ ಬಿಸಿಲು, ಧೂಳು ಎರಡೂ ಸೇರಿದರೆ ಕೆಂಪು ನುಸಿ ಕರೆಯದೇ ಬರುತ್ತದೆ, ತಿಗಣೆಗೂ ಜೊತೆಯಾಗುತ್ತದೆ.

ಮಧ್ಯಾಹ್ನ ಎಣ್ಣಿ ಹೊಡೆದ ಬಳ್ಳಿಯ ಮೊಗ್ಗನ್ನು ಸಂಜೆಗೇ ಬಿಡಿಸಿ ಮಾಲೆ ಕಟ್ಟಿ. ಕತ್ತರಿ ಹುಡುಕಬೇಡಿ, ದಾರವನ್ನು ಹಲ್ಲಿನಿಂದಲೇ ಕಡಿಯಿರಿ. ಮುಡಿದವರಿಗೆ ತಲೆ ಸುತ್ತಿದರೆ ಮಲ್ಲಿಗೆಯ ಘಮ ಜಾಸ್ತಿ ಎನ್ನಿ.

ಕೊನೆಯದು ಹಂಚುವ ಕೆಲಸ. ನಾಗರ ಪಂಚಮಿಗೆ ತವರಿಗೆ ಬಂದ ಮಗಳು ‘ಒಂದು ಟೊಂಗಿ ಕೊಡವ್ವಾ’ ಎಂದರೆ ಧಾರಾಳವಾಗಿ ಕೊಡಿ. ಅರಳೆ ಹೆಚ್ಚು ಕಟ್ಟಿದ ಟೊಂಗೆಯನ್ನೇ ಆರಿಸಿ, ಒದ್ದೆ ಚೀಲದಲ್ಲಿ ಸುತ್ತಿ ಗಂಗಾವತಿ ಬಸ್ಸು ಹತ್ತಿಸಿ. ಎಲೆ ತೊಳೆದು ಕೊಡಬೇಡಿ, ತೊಳೆದರೆ ತವರಿನ ಮಣ್ಣು ಹೋಗುತ್ತದೆ. ದಸರೆಯ ಹೊತ್ತಿಗೆ ಆಕೆ ಫೋನು ಮಾಡಿ, ಗಿಡದ ತುಂಬ ಹಿಟ್ಟು ಚೆಲ್ಲಿದಂಗ ಆಗೇತಿ ಎಂದರೆ ‘ದೃಷ್ಟಿ ಆಗೇತಿ, ನಿಂಬಿಹಣ್ಣು ಕಟ್ಟು’ ಎಂದು ಹೇಳಿ ಇಟ್ಟುಬಿಡಿ.