ಗಾಳಿ ಹಲಗಿ

ಕಮತಗಿಯಲ್ಲಿ ಹಲಗಿ ಬಾರಿಸುವವರನ್ನು ಬೆರಳು ಮಡಚಿ ಎಣಿಸಬಹುದು. ಗಾಳಿ ಹಲಗಿ ಬಾರಿಸುವವರು ಮಾತ್ರ ಓಣಿಗೊಬ್ಬರಂತೆ ಸಿಗುತ್ತಾರೆ. ಗಾಳಿ ಹಲಗಿಗೆ ತೊಗಲು ಬೇಡ, ಬಳೆ ಬೇಡ, ಉರಿಗೆ ಹಿಡಿದು ಕಾಸುವ ತಾಪತ್ರಯವಿಲ್ಲ. ಎರಡು ಕೈ ಇದ್ದರಾಯಿತು, ಎದುರಿಗೆ ನಿಜವಾದ ಹಲಗಿ ಹಿಡಿದ ಒಬ್ಬ ಬಡಪಾಯಿ ಇದ್ದರಾಯಿತು. ಅವನ ಕೋಲು ತೊಗಲಿಗೆ ತಾಗುವ ಒಂದು ಕ್ಷಣ ಮೊದಲೇ ಇವರ ಕೈ ಗಾಳಿಗೆ ತಾಗಿರುತ್ತದೆ. ಬಾರಿಸುವವನ ಮುಖ ನಿರಾಳವಾಗಿರುತ್ತದೆ. ಹಲ್ಲು ಕಚ್ಚುವುದು, ಹುಬ್ಬು ಗಂಟಿಕ್ಕುವುದು, ಕುತ್ತಿಗೆಯ ನರ ಉಬ್ಬಿಸುವುದು ಎಲ್ಲ ಇವರದೇ ಕೆಲಸ.

ಈ ಪಂಗಡದ ಹಿರಿಯನನ್ನು ನಾವು ಕಾಕಾ ಎನ್ನುತ್ತೇವೆ. ನನಗೇನೂ ಖಾಸಾ ಕಾಕಾ ಅಲ್ಲ, ಊರಿಗೇ ಕಾಕಾ. ಮನೆಯಲ್ಲಿ ಕುಣಿ ಮಗ್ಗವಿದೆ, ಇಳಕಲ್ ಸೀರೆ ನೇಯುತ್ತಾನೆ. ಹೊಟೇಲಿನಲ್ಲಿ ಅವನ ಎದುರು ಕೂತವರು ಚಹಾದ ಕಪ್ಪನ್ನು ಕೈಯಲ್ಲೇ ಹಿಡಿದಿರುತ್ತಾರೆ. ಟೇಬಲ್ ಮೇಲಿಟ್ಟರೆ ಎರಡನೇ ಆವರ್ತಕ್ಕೆ ಚೆಲ್ಲುವುದು ಖಾತ್ರಿ. ಬಾಗಲಕೋಟೆ ಬಸ್ಸಿನಲ್ಲಿ ಅವನು ಬಾಗಿಲ ಬಳಿ ನಿಂತು ತಗಡು ಬಡಿದದ್ದನ್ನು ಕೇಳಿ ಡ್ರೈವರ್ ಹೊಲದ ನಡುವೆ ಬಸ್ ನಿಲ್ಲಿಸಿದ್ದುಂಟು. ಯಾರು ಇಳಿಯುವವರು ಎಂದು ಕಂಡಕ್ಟರ್ ಕೂಗಿದರೆ ಕಾಕಾ ಕಣ್ಣು ಮುಚ್ಚಿಕೊಂಡೇ, "ತಡೀರಿ, ಸಮ್ ಬರ್ಲಿ" ಅಂದನಂತೆ.

ಅಷ್ಟೊಂದು ಪ್ರೀತಿ ಇದ್ದವನಿಗೆ ಬಾರಿಸಲು ಬರುತ್ತದೆಯೆ? ಈ ಪ್ರಶ್ನೆ ಊರಲ್ಲಿ ಹಳೆಯದು. ಒಂದು ಮೊಹರಂದಲ್ಲಿ ಹುಡುಗರು ಬೇಕಂತಲೇ ಅವನ ಹೆಗಲಿಗೆ ಹಲಗಿ ಹಾಕಿದರು. ಕಾಕಾ ಬೆರಳಿನಿಂದ ತಟ್ಟಿ ನೋಡಿ, "ತೊಗಲು ತಂಪಾಗೇತಿ" ಅಂದ. ಹುಡುಗರು ಹುಲ್ಲು ಉರಿಸಿ ಕಾಸಿ ತಂದರು. "ಈಗ ಬಾಳ ಕಾದೈತಿ." ಆರುವತನಕ ಕಾದರು. "ಕೋಲು ಹಗುರ ಐತಿ." ಬೇರೆ ಕೋಲು ತರುವಷ್ಟರಲ್ಲಿ ಡೋಲಿ ಮುಂದೆ ಹೋಗಿತ್ತು, ಕಾಕಾನೂ ಹೋಗಿದ್ದ. ಬಾರಿಸಲು ಬಾರದವನು ಎನ್ನಲು ಪುರಾವೆ ಇಲ್ಲ ನೋಡಿ. ಪುರಾವೆ ಉಳಿಸದೆ ಬದುಕುವುದೂ ಒಂದು ವಿದ್ಯೆ.

ಅವನ ನಿಜವಾದ ಆಸ್ತಿ ಬೇರೆ. ಅದು ಬಾಗಲಕೋಟೆಯ ಒಂದು ಹೋಳಿ. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಒಂದಕ್ಕೊಂದು ಪಂಥ ಕಟ್ಟಿ ಹಲಗಿ ಬಾರಿಸುವ ಊರು ಅದು. ಸೋಗಿನ ಬಂಡಿ, ಟ್ರ್ಯಾಕ್ಟರ್ ತುಂಬ ಬಣ್ಣದ ಬ್ಯಾರಲ್. ಯಾವ ವರ್ಷದ ಹೋಳಿ ಎಂದು ಕಾಕಾ ಹೇಳುವುದಿಲ್ಲ. ಹೇಳಿದರೆ, "ನಾನೂ ಇದ್ದೆನಲ್ಲ" ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಒಂದು ಮಜಲಿನ ಹಲಗಿಗಳೆಲ್ಲ ಒಂದೊಂದಾಗಿ ಬಿಟ್ಟುಕೊಟ್ಟು, ಕೊನೆಗೆ ಒಬ್ಬನೇ ಉಳಿದನಂತೆ. ಬಲಗೈಯ ಕುಳ್ಳ ಕೋಲು ನಡು ತೊಗಲಿನ ಮೇಲೆ ಲಯ ಹಿಡಿದಿದ್ದರೆ, ಎಡಗೈಯ ತೆಳ್ಳನೆ ಬೆತ್ತ ಅಂಚಿನ ಮೇಲೆ ಬೇರೆಯೇ ಲೆಕ್ಕ ನಡೆಸಿತ್ತಂತೆ. ದುಪ್ಪಟ್ಟಾಯಿತು, ಅದರ ದುಪ್ಪಟ್ಟಾಯಿತು, ಆಮೇಲೆ ಥಟ್ಟನೆ ನಿಂತುಬಿಟ್ಟಿತು.

"ನಿಲ್ಲಿಸಿದ ನೋಡು," ಕಾಕಾ ಇಲ್ಲಿ ತನ್ನ ಎರಡೂ ಕೈ ಗಾಳಿಯಲ್ಲೇ ನಿಲ್ಲಿಸುತ್ತಾನೆ, "ಅದು ಬಾರ್ಸೋದು. ಇಡೀ ಪ್ಯಾಟಿ ಉಸರು ಹಿಡದಿತ್ತು. ಮತ್ತ ಒಂದು ತಿಹಾಯಿ ಹೊಡದ. ಮೂರನೇದಕ್ಕ ಸಮ್ಮಿಗೆ ಬಂದು ಬಿದ್ದ ನೋಡು..." ಕೇಳುವವನ ಮುಖ ಅರಳತೊಡಗಿದೊಡನೆ ಕಾಕಾ ಕೈ ಕೆಳಗಿಳಿಸಿ ಹೇಳುತ್ತಾನೆ: "ನೀ ಇದ್ದಿಲ್ಲ ಬಿಡು."

ಈ ಮೂರು ಶಬ್ದ ಕಾಕಾನ ಬ್ರಹ್ಮಾಸ್ತ್ರ. ಅಭಿಮಾನಿ ಎಂಬ ಪ್ರಾಣಿಯ ಲಕ್ಷಣವೇ ಅದು. ತಾನು ಮೆಚ್ಚಿದ್ದನ್ನು ನೀವೂ ಮೆಚ್ಚಬೇಕು, ಆದರೆ ತನ್ನಷ್ಟು ಮೆಚ್ಚಬಾರದು. ಆ ಒಂಟಿ ಬಾಜಿನ ಅವಧಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಬಂದಿದೆ. ನಾನು ಚಿಕ್ಕವನಿದ್ದಾಗ ಅದು ಹತ್ತು ನಿಮಿಷದ್ದಾಗಿತ್ತು. ಈಗ ಕೋಳಿ ಕೂಗುತ್ತದೆ.

ನಾಟಕದ ವಿಷಯದಲ್ಲೂ ಇದೇ ಕತೆ. ಕಮತಗಿ ನಾಟಕದವರ ಊರು. ಇಲ್ಲಿನ ಹುಚ್ಚೇಶ್ವರ ನಾಟ್ಯ ಸಂಘ ನಾಡೆಲ್ಲ ಕ್ಯಾಂಪು ಹಾಕಿ ಹೆಸರು ಮಾಡಿದ ಕಂಪನಿ. ಕಾಕಾ ಮಾತ್ರ ಸದಾ ಮ್ಯೂಸಿಕ್ಕಿನವರ ಮಗ್ಗುಲಿಗೇ ಕೂತು ನೋಡಿದವನು. ಅಲ್ಲಿಂದ ಹೀರೋಯಿನ್ನಿನ ಒಂದು ಕಿವಿ ಮಾತ್ರ ಕಾಣುತ್ತದೆ. ನಮ್ಮ ಹುನಗುಂದ ತಾಲೂಕಿನವರೇ ಆದ ಪಿ.ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' 1974ರಲ್ಲಿ ಸಿನಿಮಾ ಆಗಿ, ರಾಜಕುಮಾರ್ ಎಮ್ಮೆಯ ಮೇಲೆ ಕೂತು ಹಾಡಿ, ಕನ್ನಡದ ಕೂಸು ಕುನ್ನಿಗೂ ಅದರ ಕತೆ ಗೊತ್ತಾಯಿತು. ಕಾಕಾನಿಗೆ ಗೊತ್ತಿಲ್ಲ. ಕೇಳಿದರೆ, "ಎರಡನೇ ಅಂಕದಾಗ ತಬಲಾ ಚೊಲೊ ಇತ್ತು" ಅನ್ನುತ್ತಾನೆ.

ಈ ಮನೆತನದ ಎರಡನೇ ತಲೆಮಾರು ಬೆಂಗಳೂರಲ್ಲಿದೆ. ಕಾಕಾನ ಅಣ್ಣನ ಮಗ, ಕಂಪ್ಯೂಟರ್ ಕೆಲಸದವ. ಕಪ್ಪು ಅಂಗಿ, ಅದರ ಮೇಲೆ ಓದಲಾಗದ ಅಕ್ಷರ, ಬ್ಯಾಗಿನಲ್ಲಿ ಒಂದು ಜೊತೆ ಡ್ರಮ್ಮಿನ ಕೋಲು. ಡ್ರಮ್ ಇಲ್ಲ, ಬಾಡಿಗೆ ಮನೆಯ ಮಾಲಕರು ಒಪ್ಪುವುದಿಲ್ಲವಂತೆ. ರಕ್ತ ಎಲ್ಲಿ ಹೋದೀತು! ಅವನು ಆರಾಧಿಸುವುದು ಪ್ರೋಗ್ರೆಸಿವ್ ರಾಕ್ ಎಂಬ ಸಂಗೀತವನ್ನು. ನಾಲ್ಕು ಮಾತ್ರೆಯಲ್ಲಿ ಸುಖವಾಗಿದ್ದ ರಾಕ್ ಸಂಗೀತವನ್ನು ಐದು, ಏಳು, ಹತ್ತು ಎಂದು ಕಷ್ಟಕ್ಕೆ ಸಿಕ್ಕಿಸಿದವರು ಅವರು. ಅವನ ದೇವರು ಕೆನಡಾದ ರಷ್ ತಂಡದ ಡ್ರಮ್ ವಾದಕ ನೀಲ್ ಪಿಯರ್ಟ್.

ಪಿಯರ್ಟ್ ತೀರಿಕೊಂಡದ್ದು 2020ರ ಜನವರಿ 7ರಂದು. ಸುದ್ದಿ ಹೊರಬಿದ್ದದ್ದು ಮೂರು ದಿನ ಬಿಟ್ಟು. ಅದೇ ವಾರ ಹುಡುಗ ಸಂಕ್ರಾಂತಿಗೆ ಊರಿಗೆ ಬಂದಿದ್ದ. ಎಲ್ಲರೂ ಬುತ್ತಿ ಕಟ್ಟಿಕೊಂಡು ಕೂಡಲಸಂಗಮಕ್ಕೆ ಹೋದೆವು. ಹೊಳೆಯಲ್ಲಿ ಮಿಂದು, ಗುಡಿಗೆ ಹೋಗಿ ಬಂದು ಕೂತರೆ, ಇವನ ಮುಂದಿನ ಸಜ್ಜಿ ರೊಟ್ಟಿ, ಎಣಗಾಯಿ ಹಾಗೇ ಇದೆ.

"ಯಾಕಪಾ, ಉಣವಲ್ಲಿ?" ಕಾಕಿ ಕೇಳಿದಳು.

"ನೀಲ್ ಪಿಯರ್ಟ್ ಹ್ವಾದ, ಕಾಕಿ."

"ಅಯ್ಯ ಶಿವನ! ಯಾವೂರವ್ರು?"

"ಕೆನಡಾ."

ಕಾಕಿ ಸ್ವಲ್ಪ ಲೆಕ್ಕ ಹಾಕಿದಳು. "ನಮಗ ಸೂತಕ ಬರ್ತೈತೇನು?"

"ಇಲ್ಲ."

"ಹಂಗಾದ್ರ ಮಾದಲಿ ಉಣ್ಣು."

ಹುಡುಗ ಉಣ್ಣಲಿಲ್ಲ. ಮೊಬೈಲ್ ತೆಗೆದು ಕಾಕಾನ ಮುಂದೆ ಹಿಡಿದ. 2002ರ ನವೆಂಬರಿನಲ್ಲಿ ಬ್ರೆಜಿಲಿನ ರಿಯೋ ಪಟ್ಟಣದ ಮಾರಕನಾ ಕ್ರೀಡಾಂಗಣದಲ್ಲಿ ಪಿಯರ್ಟ್ ಒಬ್ಬನೇ ಬಾರಿಸಿದ ಬಾಜು ಅದು. ಅವನ ಸುತ್ತ ಎಲ್ಲಿ ನೋಡಿದರೂ ಡ್ರಮ್, ಎಲ್ಲಿ ನೋಡಿದರೂ ತಾಟು. ಕಾಕಾ ಕನ್ನಡಕ ಸರಿಪಡಿಸಿ ಬಹಳ ಹೊತ್ತು ನೋಡಿ ಮೊದಲು ಕೇಳಿದ್ದು ಇದು: "ಇಷ್ಟೆಲ್ಲಾ ಕಾಸಾಕ ಎಷ್ಟು ಹುಲ್ಲು ಬೇಕೋ ತಮ್ಮಾ?"

ನಡುವೆ ಪಿಯರ್ಟನ ಡ್ರಮ್ಮುಗಳ ಮಂಟಪವೇ ತಿರುಗಿ, ಹಿಂದಿದ್ದ ವಿದ್ಯುತ್ ಡ್ರಮ್ಮು ಮುಂದೆ ಬಂದವು. ಹುಡುಗ ಹೆಮ್ಮೆಯಿಂದ ಕಾಕಾನ ಮುಖ ನೋಡಿದ. "ತಿರುಗಾಕ ಮಷೀನ್ ಯಾಕ ಬೇಕು? ನಮ್ಮವ ತಾನೇ ತಿರುಗ್ತಾನ."

ಆದರೆ ಒಂದು ಕಡೆ ಕಾಕಾ ಸುಮ್ಮನಾದ. ಪಿಯರ್ಟನ ಕಾಲುಗಳು ಮೂರು ಮಾತ್ರೆಯ ಒಂದು ನಡೆಯನ್ನು ಬಿಡದೆ ತುಳಿಯುತ್ತಿದ್ದವು. ಕೈಗಳು ಮೇಲೆ ತಮಗೆ ತೋಚಿದ ಲೆಕ್ಕ ಮಾಡುತ್ತಿದ್ದವು. ಇದು ಅಮೆರಿಕದ ಜಾಜ್ ವಾದಕ ಮ್ಯಾಕ್ಸ್ ರೋಚ್‌ನಿಂದ ಅವನು ಪಡೆದದ್ದು ಎಂದು ಹುಡುಗ ವಿವರಿಸುತ್ತಿದ್ದ. ಕಾಕಾ ಕೇಳುತ್ತಿರಲಿಲ್ಲ. ಮರಳಿನಲ್ಲಿ ಅವನ ಪಾದಗಳು ಚಲಿಸುತ್ತಿದ್ದವು, ಎಡ ಬಲ, ಎಡ ಬಲ. ಕುಣಿಯಲ್ಲಿ ಕಾಲಿಟ್ಟು ಮಗ್ಗ ತುಳಿಯುತ್ತ, ಒಂದು ಕೈಯಲ್ಲಿ ಲಾಳಿ ಓಡಿಸುತ್ತ, ಇನ್ನೊಂದರಲ್ಲಿ ಫಣಿ ಬಡಿಯುತ್ತ ಆಯುಷ್ಯ ಕಳೆದವನಿಗೆ, ಕಾಲು ಒಂದು ಹೇಳಿ ಕೈ ಇನ್ನೊಂದು ಹೇಳುವುದು ಏನೆಂದು ಯಾರೂ ತಿಳಿಸಬೇಕಿರಲಿಲ್ಲ. "ಕಾಲಾಗ ದಾದ್ರಾ ಹಿಡದಾನ," ಅಂದ ಮೆಲ್ಲಗೆ. "ಬಿಟ್ಟಿಲ್ಲ ನೋಡು. ಮತ್ತೊಮ್ಮೆ ಹಚ್ಚು."

ಹುಡುಗನಿಗೆ ಹುರುಪು ಬಂತು. 1981ರ 'ವೈ ವೈ ಝಡ್' ಹಚ್ಚಿದ. ಅದು ಟೊರಾಂಟೊ ವಿಮಾನ ನಿಲ್ದಾಣದ ಗುರುತಿನ ಅಕ್ಷರ. ಆ ಮೂರು ಅಕ್ಷರವನ್ನು ತಂತಿ ಭಾಷೆಯಲ್ಲಿ ಕಳಿಸಿದರೆ ಆಗುವ ಸದ್ದನ್ನೇ ತಾಳ ಮಾಡಿಕೊಂಡಿದ್ದಾರೆ. ಕಾಕಾ ಬೆರಳ ಗೆಣ್ಣು ಎಣಿಸಿದ. "ಹತ್ತು. ಝಪತಾಲ ಅನ್ನಾಕ ಬರೂದಿಲ್ಲ, ಪಾಲು ಬ್ಯಾರೆ ಐತಿ. ಆದ್ರ ಹತ್ತು ಖರೆ." ತಂತಿಯ ವಿಷಯ ತಿಳಿದ ಮೇಲೆ ಬೆರಗಾಗಿ ಅಂದ: "ತಂತಿ ಬಂತಂದ್ರ ನಮ್ಮಲ್ಲಿ ಮನಿ ಮಂದಿ ಎಲ್ಲಾ ಅಳತಿದ್ರು. ಇವ್ರು ಬಾಜು ಬಾರ್ಸ್ಯಾರ!"

"ನಮ್ಮವರನ್ನ ನೋಡೇ ಕಲ್ತಿರಬೇಕು ಬಿಡು," ಅಂತಲೂ ಸೇರಿಸಿದ. ಇದು ಅಭಿಮಾನಿಗಳ ಎರಡನೇ ಲಕ್ಷಣ. ಪಿಯರ್ಟನ ಮಟ್ಟಿಗೆ ಅದು ಬರಿ ಬುರುಡೆ. ಹಾಗಂತ ಪೂರಾ ತಳ್ಳಿಹಾಕುವಂತೆಯೂ ಇಲ್ಲ: ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಸೇರಿ ನುಡಿಸಿದ 'ಜ್ಯೋತಿ' ಧ್ವನಿಮುದ್ರಿಕೆ 1983ರದು. ಕಾಕಾನಿಗೆ ಇದನ್ನು ಹೇಳಬಾರದಿತ್ತು. ಈಗ ಅದು ಕಮತಗಿಯಲ್ಲೇ ನಡೆಯಿತು ಎಂಬಲ್ಲಿಗೆ ಬಂದು ನಿಂತಿದೆ.

ಕಾಕಾ ನಿಜಕ್ಕೂ ಸೋತದ್ದು ಕೊನೆಯ ಮಾತಿಗೆ. ಪಿಯರ್ಟ್ ನಲವತ್ತು ದಾಟಿ, ಜಗತ್ತೆಲ್ಲ ಹೆಸರಾದ ಮೇಲೆ, ಫ್ರೆಡ್ಡಿ ಗ್ರೂಬರ್ ಎಂಬ ಗುರುವಿನ ಹತ್ತಿರ ಹೋಗಿ ಕೋಲು ಹಿಡಿಯುವುದನ್ನೇ ಹೊಸದಾಗಿ ಕಲಿತ ಎಂದು ಹುಡುಗ ಹೇಳಿದ. ಕಾಕಾ ಮೊಬೈಲ್ ಕೆಳಗಿಟ್ಟ. "ಅಷ್ಟು ಹೆಸರು ಬಂದ ಮ್ಯಾಲೆ?" ಎಂದು ಕೇಳಿ ಹೊಳೆಯ ಕಡೆ ನೋಡಿದ. "ಹಂಗಾದ್ರ ಇಂವ ಖರೇ ಬಾರ್ಸಾಂವ." ಕಾಕಾನ ಬಾಯಿಂದ ಬಾಗಲಕೋಟೆಯ ಹೊರಗಿನವರಿಗೆ ಇಂಥ ಸರ್ಟಿಫಿಕೇಟು ಸಿಕ್ಕದ್ದು ನಾನು ಕೇಳಿಲ್ಲ.

ತಿಂಗಳೊಳಗೆ ಹೊಟೇಲಿನಲ್ಲಿ ಅದರ ಫಲ ಕಂಡಿತು. "ರಿಯೋ ಅಂತ ಒಂದು ಊರೈತಿ. ಅಲ್ಲಿ ಒಬ್ಬಾಂವ ಕಾಲಾಗ ದಾದ್ರಾ ಹಿಡದು ಮ್ಯಾಲೆ ಬಾರ್ಸಿದ್ದ ನೋಡು..." ಕಾಕಾ ಎರಡೂ ಕೈ ಗಾಳಿಯಲ್ಲಿ ನಿಲ್ಲಿಸಿ, ಎದುರಿನವನನ್ನು ಕನಿಕರದಿಂದ ನೋಡಿ ಅಂದ: "ನೀ ಇದ್ದಿಲ್ಲ ಬಿಡು."

ಇಷ್ಟಾದರೂ ಈ ಕತೆಯಲ್ಲಿ ಮಾತಾಡದೇ ಉಳಿದವನು ಒಬ್ಬನಿದ್ದಾನೆ, ನಮ್ಮೂರಿನ ಹಲಗಿಯವನು. ಅವನನ್ನು ಕೇಳಿದೆ. "ಕಾಕಾ ಮುಂದ ನಿಂತ್ರ ನನಗ ಕೈ ತಪ್ಪತಾವ್ರೀ," ಅಂದ. "ಅವ್ರು ಒಂದು ಮಾತ್ರಿ ಮುಂದ ಇರ್ತಾರ. ಅವ್ರನ್ನ ನೋಡಿದ್ರ ನಾನೂ ಓಡಬೇಕಾಗ್ತೈತಿ." ಅದಕ್ಕೇ ಅವನು ಬಾರಿಸುವಾಗ ಆಕಾಶ ನೋಡುತ್ತಾನೆ. ಜನ ಅದನ್ನು ಭಕ್ತಿ ಅಂದುಕೊಂಡಿದ್ದಾರೆ. ಪಿಯರ್ಟನೂ ಅಭಿಮಾನಿಗಳನ್ನು ಕಂಡರೆ ದೂರ ಸರಿಯುವ ಸಂಕೋಚದ ಮನುಷ್ಯ. ಕಾರ್ಯಕ್ರಮ ಮುಗಿದ ಮೇಲೆ ಕೈ ಕುಲುಕುವ ಶಾಸ್ತ್ರಕ್ಕೆ ನಿಲ್ಲುತ್ತಿರಲಿಲ್ಲ. ರಷ್ ಬಾರಿಸುವಾಗ ಎದುರಿಗೆ ಸಾವಿರಾರು ಜನ ಒಟ್ಟಿಗೆ ಗಾಳಿಯಲ್ಲಿ ಡ್ರಮ್ ಬಾರಿಸುತ್ತಿದ್ದರಂತೆ. ಅಷ್ಟು ಕಾಕಾಗಳನ್ನು ಒಂದೇ ಸಲ ಎದುರಿಸಿದವನು ಸಂಕೋಚಪಟ್ಟರೆ ತಪ್ಪೇನು?

ಒಂದು ಮಾತು ಆಡದಿದ್ದರೆ ಚಿತ್ರ ಅರೆಯಾದೀತು. ಹಲಗಿಯವನ ಕೈಗೆ ಕಾಕಾ ದೇವರ ಕೈ ಅನ್ನುತ್ತಾನೆ. ಆ ದೇವರಿಗೆ ಚಹಾ ಕೊಡಿಸುವುದು ಮಾತ್ರ ಹೊಟೇಲಿನ ಹೊರಗೆ, ಪ್ಲಾಸ್ಟಿಕ್ ಕಪ್ಪಿನಲ್ಲಿ. ಕಾಕಾನನ್ನು ಪ್ರೀತಿಸುವ ನಾವೆಲ್ಲ ಒಳಗೇ ಕೂತು ಅದನ್ನು ನೋಡಿದವರು. ಇನ್ನು ಹೋದ ವರ್ಷ ಮಗಳ ಲಗ್ನ. ಬೀಗರು ಹಟ ಹಿಡಿದರೆಂದು ಕಾಕಾ ಡಿ.ಜೆ. ತರಿಸಿದ. ಕೇಳಿದಷ್ಟು ರೊಕ್ಕವನ್ನು ಮುಂಗಡ ಎಣಿಸಿದ. ಆ ರೊಕ್ಕದಲ್ಲಿ ಹಲಗಿ, ಶಹನಾಯಿ, ಕರಡಿ ಮಜಲು ಎಲ್ಲ ಬಂದು, ಎಲ್ಲರ ಊಟವೂ ಆಗುತ್ತಿತ್ತು. ಹಲಗಿಯವನು ಹಲಗಿ ಬಿಟ್ಟು, ಮಡಿ ಅಂಗಿ ತೊಟ್ಟು ಉಣ್ಣಲು ಬಂದಿದ್ದ. ಡಬ್ಬಿಗಳು ಮನೆಯ ಗೋಡೆ ನಡುಗಿಸುತ್ತಿದ್ದವು. ಅವುಗಳ ಹಿಂದೆ ನಿಂತು ಕಾಕಾ ಕಣ್ಣು ಮುಚ್ಚಿ ಗಾಳಿ ಬಾರಿಸುತ್ತಿದ್ದ. ಆದರೆ ಲಯವೇ ಬೇರೆ, ಡಿ.ಜೆ.ಗೂ ಅದಕ್ಕೂ ಸಂಬಂಧವಿರಲಿಲ್ಲ. ಊಟದ ಪಂಕ್ತಿಯಿಂದ ಹಲಗಿಯವನು ಅದನ್ನು ಗುರುತು ಹಿಡಿದ. "ಆ ಹೋಳಿದು," ಅಂದ ನನಗೆ. "ನಮ್ಮಪ್ಪ ಬಾರ್ಸಿದ್ದ."

ನಿಮ್ಮ ಮನೆಯ ಮುಂದಿನ ಲಗ್ನಕ್ಕೆ ಡಿ.ಜೆ. ಬಿಡಿ, ಹಲಗಿ ಮಜಲು ಹೇಳಿ. ಮುಂಗಡವನ್ನು ಡಿ.ಜೆ.ಯವನಿಗೆ ಕೊಡುವಷ್ಟೇ ಕೊಡಿ, ಚಹಾ ಒಳಗೆ ಕೂರಿಸಿ ಕೊಡಿ. ಕಾಕಾ ಕರೆಯದಿದ್ದರೂ ಬರುತ್ತಾನೆ. ಬಾರಿಸುವವನ ಕಣ್ಣಿಗೆ ಬೀಳದಂತೆ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿ.