ಯಾವ ಹೋಬಳಿಯಮ್ಮ?

ಸಾಲ ಬೇಕಾ, ಸೈಟ್ ಬೇಕಾ, ಕ್ರೆಡಿಟ್ ಕಾರ್ಡ್ ಬೇಕಾ ಅಂತ ಹೊತ್ತಲ್ಲದ ಹೊತ್ತಿನಲ್ಲಿ ಬರುವ ಕರೆಗಳಿಗೆ ಹೆಚ್ಚಿನವರು ಬೈಯುತ್ತಾರೆ. ಬೈಯಲು ಬಾರದವರು ಮಾತಾಡದೆ ಕಟ್ ಮಾಡುತ್ತಾರೆ. ಎರಡೂ ಬಾರದ ನನ್ನಂಥವರು ದನಿ ತಗ್ಗಿಸಿ ‘ಮೀಟಿಂಗ್‌ನಲ್ಲಿದ್ದೀನಿ’ ಎನ್ನುತ್ತೇವೆ. ಅದೇ ಹೊತ್ತಿಗೆ ಪಕ್ಕದಲ್ಲಿ ಕುಕ್ಕರ್ ಕೂಗುತ್ತದೆ. ‘ಪರವಾಗಿಲ್ಲ ಸರ್, ಊಟ ಆದ್ಮೇಲೆ ಮಾಡ್ತೀನಿ’ ಎಂದು ಆ ಕಡೆಯ ಹುಡುಗಿ ಇಡುತ್ತಾಳೆ. ಇವರಲ್ಲದೆ ನಾಲ್ಕನೆಯ ಜಾತಿಯೊಂದಿದೆ. ಅಪರೂಪದ್ದೇನಲ್ಲ, ನಿವೃತ್ತರು ಹೆಚ್ಚಿರುವ ಬಡಾವಣೆಯಲ್ಲಿ ಬೀದಿಗೊಬ್ಬರಾದರೂ ಸಿಕ್ಕಾರು. ಇವರು ಕರೆ ಬರಲಿ ಎಂದು ಕಾಯುತ್ತಾರೆ. ಬಂದರೆ ಟೀವಿ ಸದ್ದು ಕಮ್ಮಿ ಮಾಡಿ, ಕುರ್ಚಿ ಎಳೆದುಕೊಂಡು, ಸ್ಪೀಕರ್ ಹಾಕಿ ಕೂರುತ್ತಾರೆ.

ಈ ಜಾತಿಯಲ್ಲಿ ನನಗೆ ಗೊತ್ತಿರುವವರು ನಮ್ಮ ಭಾವ. ‘ಗೊತ್ತಿರುವವರು’ ಅಂದದ್ದು ಅಕ್ಕನ ಮುಖ ನೋಡಿ.

ಭಾವ ಕಂದಾಯ ಇಲಾಖೆಯವರು. ಗುಮಾಸ್ತರಾಗಿ ಸೇರಿ, ತಾಲ್ಲೂಕು ಕಚೇರಿಯ ಶಿರಸ್ತೇದಾರರಾಗಿ ನಿವೃತ್ತರಾದವರು. ಈಗ ಕೆಂಗೇರಿ ಉಪನಗರದಲ್ಲಿದ್ದಾರೆ. ಮನುಷ್ಯ ಎಂದರೆ ಅವರ ಲೆಕ್ಕದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ. ಈ ನಾಲ್ಕು ಕಾಲಂ ತುಂಬಿಸಿಕೊಳ್ಳದೆ ಅವರು ಯಾರ ಜತೆಗೂ ಮಾತು ಮುಂದುವರಿಸಿದವರಲ್ಲ. ನಮ್ಮ ಚಿಕ್ಕ ತಂಗಿಗೆ ಗಂಡು ನೋಡುವಾಗಲೂ ಸಂಬಳಕ್ಕಿಂತ ಮೊದಲು ಹೋಬಳಿ ಕೇಳಿದ ಪುಣ್ಯಾತ್ಮರು. ಸಾಲ ಕೊಡಲು ಕರೆ ಮಾಡಿದವರನ್ನು ಬಿಟ್ಟಾರೆಯೇ?

ಒಂದು ಭಾನುವಾರ ನಾನು ಅವರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಫೋನ್ ಬಂತು. ‘ಗುಡ್ ಮಾರ್ನಿಂಗ್ ಸರ್, ನಿಮಗೆ ಪ್ರೀ ಅಪ್ರೂವ್ಡ್ ಪರ್ಸನಲ್ ಲೋನ್...’

‘ಇರಮ್ಮ, ಇರು. ಯಾವ ಊರು ನಿಂದು?’

‘ಸರ್, ಬೆಂಗಳೂರಿಂದ ಮಾತಾಡ್ತಿರೋದು.’

‘ಮಾತಾಡ್ತಿರೋದು ಎಲ್ಲಿಂದಾನಾದ್ರೂ ಆಗ್ಲಿ. ಊರು ಯಾವುದು?’

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾವೇರಿ ಸರ್’ ಅಂದಳು. ಭಾವ ಬಿಡಲಿಲ್ಲ. ತಾಲ್ಲೂಕು? ರಾಣೆಬೆನ್ನೂರು. ಹೋಬಳಿ? ಅವಳು ಈ ಪ್ರಶ್ನೆಯನ್ನು ಯಾವ ಗ್ರಾಹಕನಿಂದಲೂ ಕೇಳಿರಲಿಕ್ಕಿಲ್ಲ. ‘ಮೇಡ್ಲೇರಿ ಸರ್’ ಎನ್ನುವಾಗ ಬ್ಯಾಂಕಿನ ದನಿ ಹೋಗಿ ಮನೆಯ ದನಿ ಬಂದಿತ್ತು.

‘ನೋಡು, ನಿಮ್ಮಪ್ಪ ಹುಟ್ಟಿದ್ದು ಧಾರವಾಡ ಜಿಲ್ಲೇಲಿ, ನೀನು ಹುಟ್ಟಿದ್ದು ಹಾವೇರಿ ಜಿಲ್ಲೇಲಿ. ಮನೆ ಮಾತ್ರ ಅದೇ. 1997ರಲ್ಲಿ ಏಳು ಹೊಸ ಜಿಲ್ಲೆ ಮಾಡಿದ್ರು. ಯಾವ್ಯಾವು ಹೇಳು ನೋಡೋಣ.’

ಇಲ್ಲಿಗೆ ಯಾರಾದರೂ ಫೋನ್ ಇಡುತ್ತಿದ್ದರು. ಅವಳು ಇಡಲಿಲ್ಲ. ಹಾವೇರಿ, ಗದಗ, ಬಾಗಲಕೋಟೆ, ದಾವಣಗೆರೆ ಎಂದು ಓಡಿದಳು. ಉಡುಪಿ, ಚಾಮರಾಜನಗರ ಎಂದು ತಡವರಿಸಿ ನಿಂತಳು. ‘ಇನ್ನೊಂದು, ಇನ್ನೊಂದು’ ಎಂದು ಭಾವ ಟೀಪಾಯಿ ಕುಟ್ಟಿದರು. ‘ಮುನಿರಾಬಾದ್ ಯಾವ ಜಿಲ್ಲೇಲಿದೆ?’ ಎಂದು ಸುಳಿವೂ ಕೊಟ್ಟರು. ಆಗ ಆ ಕಡೆ, ಹಿಂದಿನಿಂದ ಯಾರೋ ಹುಡುಗ ತಡೆಯಲಾರದೆ ಕೂಗಿದ: ‘ಕೊಪ್ಪಳ ಅನ್ನವಾ, ಕೊಪ್ಪಳ!’

‘ಯಾರಪ್ಪ ಅದು ಕಾಪಿ ಹೊಡೆಸ್ತಿರೋದು? ಅವನಿಗೆ ಕೊಡು ಫೋನು.’

‘ನಮಸ್ಕಾರ ರೀ ಸರ. ನಂದು ಕೊಪ್ಪಳನ ರೀ. ಕುಷ್ಟಗಿ ತಾಲೂಕು, ಹನುಮಸಾಗರ ಹೋಬಳಿ.’

ಕೇಳದೆಯೇ ಹೋಬಳಿ ಹೇಳಿದ್ದ. ಭಾವ ನನ್ನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದರು.

ಆಮೇಲೆ ಮಳೆ ಹೇಗೆ, ಸಜ್ಜೆ ಹೇಗೆ, ಮನೆಯಲ್ಲಿ ಯಾರ್‍ಯಾರು ಇದ್ದಾರೆ ಎಂದು ಒಂದು ಸುತ್ತು ಆಯಿತು. ಸಾಲದ ಸುದ್ದಿಯನ್ನು ಮೂವರೂ ಮರೆತಿದ್ದರು. ಕೊನೆಗೆ ಹುಡುಗಿಗೆ ನೆನಪಾಯಿತು. ಅವಳ ಕಷ್ಟ ಇಷ್ಟು: ಕರೆ ಮುಗಿದ ಮೇಲೆ ಸ್ಕ್ರೀನಿನಲ್ಲಿ ಏನಾದರೊಂದು ಒತ್ತಲೇಬೇಕು. ಬೇಡ ಅಂದರು, ಆಮೇಲೆ ಮಾಡಿ ಅಂದರು, ಆಸಕ್ತಿ ಇದೆ ಅಂದರು. ಈ ಮೂರನೆಯದಕ್ಕೆ ಅವರು ‘ಲೀಡ್’ ಅನ್ನುತ್ತಾರೆ. ದಿನಕ್ಕೆ ಇಷ್ಟು ಲೀಡ್ ಆಗಬೇಕೆಂದು ಟಾರ್ಗೆಟ್. ಇಷ್ಟು ಹೊತ್ತು ಮಾತಾಡಿ ‘ಬೇಡ ಅಂದರು’ ಎಂದು ಒತ್ತಿದರೆ ಟೀಮ್ ಲೀಡರ್ ಸುಮ್ಮನಿರುತ್ತಾನೆಯೇ?

ಖಾಲಿ ಕಾಲಂ ಎಂದರೆ ಭಾವನಿಗೆ ಸಂಕಟ. ಪಹಣಿಯಲ್ಲಿ ಬೆಳೆ ಕಾಲಂ ಖಾಲಿ ಬಿಟ್ಟ ಗ್ರಾಮ ಲೆಕ್ಕಿಗರನ್ನು ಗಂಟೆಗಟ್ಟಲೆ ನಿಲ್ಲಿಸಿದವರು ಅವರು. ‘ಎಪ್ಪತ್ತು ದಾಟಿದೋನಿಗೆ ಯಾವ ಬ್ಯಾಂಕ್ ಸಾಲ ಕೊಡುತ್ತಮ್ಮ? ಆದ್ರೆ ಕಾಲಂ ಖಾಲಿ ಬಿಡಬಾರ್ದು. ನಮ್ಮ ಬಾಮೈದ ಇದಾನೆ, ಬರ್ಕೋ ಅವನ ನಂಬರು’ ಎಂದು ನನ್ನೆದುರೇ ಹತ್ತೂ ಅಂಕಿಗಳನ್ನು ನಿಧಾನವಾಗಿ, ಎರಡೆರಡು ಸಲ ಹೇಳಿದರು. ನನ್ನ ಕಾಫಿ ಅಲ್ಲಿಗೆ ತಣ್ಣಗಾಯಿತು.

ಆವತ್ತಿನಿಂದ ನನ್ನ ಹಣೆಬರಹ ಆ ಮನೆಯ ಟೀಪಾಯಿಯ ಮೇಲೆ ಬರೆಯಲ್ಪಡುತ್ತಿದೆ. ಹೊಸ ಕಾರಿನ ಸಾಲ ಬೇಕಂತೆ ನನಗೆ. ಊಟಿಯ ರೆಸಾರ್ಟಿನಲ್ಲಿ ಸದಸ್ಯತ್ವ ಬೇಕಂತೆ. ದಂಪತಿ ಸಮೇತ ಹೋಟೆಲಿಗೆ ಹೋಗಿ ಒಂದು ತಾಸು ಕೂತರೆ ಉಚಿತ ಉಡುಗೊರೆಯಂತೆ. ಎಲ್ಲಕ್ಕಿಂತ ನೊಂದದ್ದು ಕೂದಲು ನಾಟಿ ಮಾಡುವ ಕ್ಲಿನಿಕ್ಕಿನ ಕರೆಗೆ. ‘ಸರ್, ನಿಮ್ಮ ಭಾವ ನಂಬರ್ ಕೊಟ್ರು. ಹಿಂದಿನಿಂದ ನೋಡಿದ್ರೆ ತಿರುಪತಿಗೆ ಹೋಗಿ ಬಂದ ಹಾಗಿದೆ ಅಂದ್ರು. ಅದು ಯಾವ ಸ್ಟೇಜ್ ಅಂತ ಫೋಟೋ ಕಳಿಸ್ತೀರಾ?’ ಈ ಕರೆಗಳನ್ನು ಕಟ್ ಮಾಡುವುದೂ ಸುಲಭವಲ್ಲ. ‘ಭಾವ ಹೇಳಿದ್ರು’ ಎಂದು ಶುರು ಮಾಡಿದವರನ್ನು ಬೈದರೆ ನಾಳೆ ಅಕ್ಕನಿಗೆ ವರದಿ ಮುಟ್ಟುತ್ತದೆ.

ಇದಕ್ಕೆ ಸರ್ಕಾರ ಉಪಾಯ ಮಾಡಿಲ್ಲವೆಂದಲ್ಲ. ಬೇಡದ ಕರೆ ತಡೆಯುವ ರಾಷ್ಟ್ರೀಯ ಪಟ್ಟಿ 2007ರಲ್ಲೇ ಶುರುವಾಯಿತು. 1909ಕ್ಕೆ ಹೇಳಿದರೆ ‘ಡಿಎನ್‌ಡಿ’ ಆಗುತ್ತದೆ. 2018ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮಗಳನ್ನು ಹೊಸದಾಗಿ ಬರೆಯಿತು. ಮಾರಾಟದ ಕರೆಗಳಿಗೆಂದೇ 140ರಿಂದ ಶುರುವಾಗುವ ನಂಬರುಗಳಿವೆ. ಆದರೆ ಮಾಮೂಲಿ ಹತ್ತಂಕಿಯ ಸಿಮ್ಮಿನಿಂದ ಮಾಡುವವರಿಗೆ ಯಾವ ಪಟ್ಟಿ? 2010ರಲ್ಲಿ ಪ್ರಣಬ್ ಮುಖರ್ಜಿಯವರು ಸಭೆಯಲ್ಲಿದ್ದಾಗ ಗೃಹಸಾಲ ಬೇಕಾ ಎಂದು ಕರೆ ಬಂದದ್ದು ಆಗ ದೊಡ್ಡ ಸುದ್ದಿ. ಆಗ ಅವರು ದೇಶದ ಹಣಕಾಸು ಮಂತ್ರಿ! ಅವರೂ ಮೀಟಿಂಗ್‌ನಲ್ಲಿದ್ದೇನೆ ಅಂದರಂತೆ. ಅವರಿಗೆ ನಿಜವಾಗಿಯೂ ಮೀಟಿಂಗ್ ಇತ್ತು ಎನ್ನುವುದೊಂದೇ ನನಗೂ ಅವರಿಗೂ ಇರುವ ವ್ಯತ್ಯಾಸ.

ಪುಣೆಯಲ್ಲಿರುವ ಮಗ ಒಮ್ಮೆ ಅಪ್ಪನಿಗೆ ಉಪಕಾರ ಮಾಡಲು ಹೋಗಿ ಭಾವನ ನಂಬರನ್ನು ಡಿಎನ್‌ಡಿಗೆ ಸೇರಿಸಿದ. ಫೋನ್ ಹೆಚ್ಚುಕಡಿಮೆ ಮಲಗಿತು. ಭಾವ ಮೊದಲು ರಿಪೇರಿ ಅಂಗಡಿಗೆ ಒಯ್ದರು. ಫೋನಿನಲ್ಲಿ ದೋಷವಿಲ್ಲ, ದೋಷ ಮಗನಲ್ಲಿ ಎಂದು ತಿಳಿದ ಮೇಲೆ ತಾವೇ 1909ಕ್ಕೆ ಫೋನಿಸಿ ಪಟ್ಟಿಯಿಂದ ಹೆಸರು ತೆಗೆಸಿಕೊಂಡರು. ಹೆಸರು ಸೇರಿಸಿ ಎಂದು ಗೋಗರೆಯುವವರನ್ನು ಕಂಡಿದ್ದ ಆ ಕಡೆಯವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರಂತೆ.

ಸೈಟ್ ಮಾರುವವರ ಕರೆ ಬಂದರೆ ಮಾತ್ರ ಭಾವ ಹಳೆಯ ಶಿರಸ್ತೇದಾರರಾಗುತ್ತಾರೆ. ‘ದೇವನಹಳ್ಳಿ ಹತ್ರ ಸರ್, ಏರ್‌ಪೋರ್ಟಿಂದ ಬರೀ ಇಪ್ಪತ್ತು ನಿಮಿಷ.’ ‘ಕಾರಿನಲ್ಲೋ, ವಿಮಾನದಲ್ಲೋ?’ ಅಲ್ಲಿಂದ ಸರ್ವೆ ನಂಬರ್, ಅಲಿನೇಷನ್ ಆರ್ಡರ್, ಮ್ಯುಟೇಷನ್, ಇ-ಖಾತಾ, ಮಂಜೂರಾದ ಜಮೀನಾದರೆ ಪಿಟಿಸಿಎಲ್ ತಕರಾರು, ಪಕ್ಕದಲ್ಲಿ ರಾಜಕಾಲುವೆ ಇದೆಯೇ ಇಲ್ಲವೇ. ಎಕ್ಸಿಕ್ಯೂಟಿವ್‌ನಿಂದ ಸೀನಿಯರ್, ಸೀನಿಯರ್‌ನಿಂದ ಮ್ಯಾನೇಜರ್‌ವರೆಗೆ ಫೋನ್ ದಾಟುತ್ತದೆ. ಒಬ್ಬ ಮ್ಯಾನೇಜರ್ ಕೊನೆಗೆ, ‘ಸರ್, ನೀವು ನಮ್ಮಲ್ಲೇ ಲೀಗಲ್ ಕನ್ಸಲ್ಟೆಂಟ್ ಆಗಿ ಬರ್ತೀರಾ?’ ಅಂದನಂತೆ. ಇದನ್ನು ಭಾವ ಪ್ರತಿ ಹಬ್ಬದಲ್ಲೂ ಹೇಳುತ್ತಾರೆ.

ಸಮವಸ್ತ್ರದವನ ಕಥೆ ಬೇರೆ. ಅವನು ಹಿಂದಿಯಲ್ಲಿ ಬಂದ, ವಿಡಿಯೋದಲ್ಲಿ ಬಂದ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವೀಗ ಡಿಜಿಟಲ್ ಅರೆಸ್ಟ್, ಕೋಣೆಯ ಬಾಗಿಲು ಹಾಕಿಕೊಳ್ಳಿ, ಯಾರಿಗೂ ಹೇಳಬೇಡಿ ಅಂದ. ಭಾವ ವಿಡಿಯೋದಲ್ಲಿ ಮಾತಾಡುವಾಗ ಫೋನನ್ನು ಹೊಟ್ಟೆಯ ಹತ್ತಿರ ಹಿಡಿಯುತ್ತಾರೆ. ಹಾಗಾಗಿ ಆ ಇನ್‌ಸ್ಪೆಕ್ಟರಿಗೆ ಕಂಡದ್ದು ಎರಡು ಮೂಗಿನ ಹೊಳ್ಳೆ, ಅವುಗಳ ಮೇಲೆ ತಿರುಗುವ ಸೀಲಿಂಗ್ ಫ್ಯಾನು. ‘ಕ್ಯಾಮರಾ ಊಪರ್ ಕರೋ’ ಅಂದರೆ ಭಾವ ಕತ್ತು ಮೇಲೆತ್ತಿದರು. ಹೊಳ್ಳೆಗಳೂ ಹೋಗಿ ಬರೀ ಗಲ್ಲ ಉಳಿಯಿತು. ಯಾರಿಗೂ ಹೇಳಬೇಡಿ ಎಂದದ್ದನ್ನು ಮನ್ನಿಸದೆ, ‘ಏ ಇವಳೇ, ಪೊಲೀಸಿನೋರು ಬಂದಿದಾರೆ, ವಿಡಿಯೋದಲ್ಲಿ’ ಎಂದು ಕೂಗಿದರು. ‘ಕಾಫಿ ಅಲ್ಲೇ ಕುಡೀಲಿ’ ಎಂದು ಅಡುಗೆಮನೆಯಿಂದ ಉತ್ತರ ಬಂತು. ಹಿಂದಿ ಮಧ್ಯಮಾ ಪಾಸಾಗಿದ್ದ ಭಾವ ಕೊನೆಗೆ, ‘ಸಾಬ್, ಆಪ್ ಕಾ ತಾಲ್ಲೂಕ್ ಕೌನ್ ಸಾ?’ ಎಂದು ಕೇಳಿಯೇಬಿಟ್ಟರು. ಅವನು ಮಧ್ಯಮಾ ಪಠ್ಯದಲ್ಲಿಲ್ಲದ್ದೇನನ್ನೋ ಹೇಳಿ ಕಟ್ ಮಾಡಿದ. ಅರ್ಥವೇನೆಂದು ಭಾವ ನನ್ನನ್ನು ಕೇಳಿದರು. ನಾನು ಹೇಳಲಿಲ್ಲ.

ನಕ್ಕೆ, ಆದರೆ ಬೆನ್ನಲ್ಲಿ ಸಣ್ಣಗೆ ಚಳಿಯೂ ಆಯಿತು. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಹಾಗಿದ್ದೂ ಇದೇ ಬೆಂಗಳೂರಿನಲ್ಲಿ ಓದಿದವರು, ದೊಡ್ಡ ಹುದ್ದೆಯಲ್ಲಿದ್ದವರು ಜೀವಮಾನದ ಉಳಿತಾಯ ಕಳೆದುಕೊಂಡಿದ್ದಾರೆ. ಇಂಥವರ ಜತೆ ಆಟ ಬೇಡ, ಹಣ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು, ಹೋಗದಿದ್ದರೂ ಸರ್ಕಾರದ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ವಿನಲ್ಲಿ ದೂರು ಬರೆಯಬೇಕು ಎಂದು ಗದರಿದೆ. ದೂರಿಗೆ ಅರ್ಜಿ ನಮೂನೆ ಇದೆ ಎಂದು ಕೇಳಿ ಭಾವನಿಗೆ ಹಿಗ್ಗಾಯಿತು. ಕಾಲಂ ಒಂದೂ ಬಿಡದೆ ತುಂಬಿಸಿದರು.

ಇಂಗ್ಲೆಂಡಿನ ಒಂದು ಮೊಬೈಲ್ ಕಂಪನಿ, ಓ2, 2024ರಲ್ಲಿ ‘ಡೈಸಿ’ ಎಂಬ ಕೃತಕ ಅಜ್ಜಿಯನ್ನು ತಯಾರಿಸಿತು. ವಂಚಕರು ಕರೆ ಮಾಡಿದರೆ ಹೆಣಿಗೆ, ಮನೆಮಂದಿ ಎಂದು ಕೊನೆಮೊದಲಿಲ್ಲದೆ ಮಾತಾಡಿ ಅವರ ಹೊತ್ತು ಹಾಳು ಮಾಡುವುದೇ ಅವಳ ಕೆಲಸ. ಇದನ್ನು ಓದಿ ಹೇಳಿದಾಗ ಭಾವನಿಗೆ ಆಶ್ಚರ್ಯವೇ ಆಗಲಿಲ್ಲ. ‘ಇದಕ್ಕೆ ಕಂಪ್ಯೂಟರ್ ಯಾಕೋ? ನಮ್ಮ ಕಚೇರೀಲಿ ಬಂದೋರಿಗೆಲ್ಲ ನಾವು ಮಾಡ್ತಿದ್ದುದೇ ಇದು’ ಅಂದರು.

ಅದು ತಮಾಷೆಯೋ ಪಶ್ಚಾತ್ತಾಪವೋ ತಿಳಿಯಲಿಲ್ಲ. ತಮ್ಮ ಟೇಬಲ್ಲಿನ ಮುಂದೆ ನಿಂತವರನ್ನು ನಾಳೆ ಬನ್ನಿ, ನಾಡಿದ್ದು ಬನ್ನಿ ಎಂದು ಕಳಿಸಿದ ಮನುಷ್ಯ, ಈಗ ಬೇಡದ ಸಾಲ ಮಾರುವ ಹುಡುಗಿಗೆ ಅರ್ಧ ಗಂಟೆ ಕೊಡುತ್ತಾರೆ. ರಾಣೆಬೆನ್ನೂರಿನಿಂದಲೋ ಕುಷ್ಟಗಿಯಿಂದಲೋ ಬಂದು, ಪೀಜಿಯಲ್ಲಿದ್ದು, ಹೆಡ್‌ಫೋನ್ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಬೈಸಿಕೊಳ್ಳುವ ಮಕ್ಕಳು ಅವರು. ನಾನೇ ಎಷ್ಟು ಮಂದಿಗೆ ಸುಳ್ಳು ಹೇಳಿಲ್ಲ? ಆ ಕೊಪ್ಪಳದ ಹುಡುಗ ದೀಪಾವಳಿಗೆ ಭಾವನಿಗೆ ಫೋನ್ ಮಾಡಿ ಶುಭಾಶಯ ಹೇಳಿದ, ನನಗೂ ಮಾಡಿದ. ನಾನು ಕರಗಿ, ಊರು, ಮನೆ ಎಂದು ವಿಚಾರಿಸಿದೆ. ಕೊನೆಯಲ್ಲಿ ಅವನು ಹೆಲ್ತ್ ಇನ್ಷೂರೆನ್ಸ್ ಕಂಪನಿಗೆ ಸೇರಿದ್ದೇನೆ ಅಂದ. ಪ್ರೀಮಿಯಂ ಕಟ್ಟುತ್ತಿದ್ದೇನೆ.

ಈಚೆಗೆ ಭಾವನ ಉತ್ಸಾಹ ತಗ್ಗಿದೆ. ಕರೆಗಳು ಕಮ್ಮಿಯಾಗಿಲ್ಲ, ಮನುಷ್ಯರು ಕಮ್ಮಿಯಾಗಿದ್ದಾರೆ. ಮೊನ್ನೆ ಒಂದು ಹೆಣ್ಣುದನಿ ಚಂದದ ಕನ್ನಡದಲ್ಲಿ ‘ನಮಸ್ಕಾರ, ನಿಮ್ಮ ಜೊತೆ ಎರಡು ನಿಮಿಷ ಮಾತನಾಡಬಹುದೇ?’ ಎಂದು ಕೇಳಿತು. ಭಾವ ಕುರ್ಚಿ ಎಳೆದುಕೊಂಡರು.

‘ಯಾವ ಹೋಬಳಿಯಮ್ಮ ನಿಂದು?’

‘ಉತ್ತಮ ಪ್ರಶ್ನೆ. ನಮ್ಮ ಗೃಹಸಾಲವು ಎಲ್ಲಾ ಜಿಲ್ಲೆಗಳಲ್ಲಿ ಲಭ್ಯವಿದೆ.’

ಇನ್ನೊಮ್ಮೆ ಕೇಳಿದರು. ಅದು ಇನ್ನೊಮ್ಮೆ, ಅಷ್ಟೇ ಸಂತೋಷದಿಂದ, ಎಲ್ಲಾ ಜಿಲ್ಲೆಗಳಲ್ಲಿ ಲಭ್ಯವಿದೆ ಅಂದಿತು. ಏಳು ಹೊಸ ಜಿಲ್ಲೆ ಕೇಳಿದ್ದಕ್ಕೆ ಉಸಿರು ಬಿಡದೆ ಏಳನ್ನೂ ಹೇಳಿತು, ಕೊಪ್ಪಳವನ್ನೂ ಬಿಡಲಿಲ್ಲ. ಭಾವ ಬೇಸರದಿಂದ ಫೋನ್ ಕೆಳಗಿಟ್ಟು ‘ಮಿಷನ್ನು’ ಅಂದರು.

‘ಸದ್ಯ’ ಅಂದೆ ನಾನು. ‘ಅದಕ್ಕಾದ್ರೂ ನನ್ನ ನಂಬರ್ ಕೊಡಲಿಲ್ಲವಲ್ಲ.’

‘ಕೊಟ್ಟೆ ಕಣೋ’ ಅಂದರು ಭಾವ. ‘ಅದಕ್ಕೂ ಟಾರ್ಗೆಟ್ ಇರುತ್ತಲ್ಲ.’