ಕರೆಯೋಲೆ ಹಂಚಿದವನ ಕಥೆ

ದೇಶದಲ್ಲಿ ಎಲ್ಲಿ ಬಾಂಬು ಸಿಡಿದರೂ ಮಾರನೆಯ ದಿನ ಮಲಪನಗುಡಿಯ ಬದನೆಕಾಯಿಗೆ ಗ್ರಹಚಾರ ಶುರುವಾಗುತ್ತದೆ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಗೆ ಬ್ಯಾರಿಕೇಡು ಬೀಳುತ್ತದೆ. ಹೊತ್ತು ಮೂಡುವ ಮುಂಚೆ ಮಾರ್ಕೆಟ್ಟಿಗೆ ಹೊರಟ ಟಿವಿಎಸ್ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ.

“ಚೀಲ ಬಿಚ್ಚು. ಏನೈತಿ?”

“ಬದ್ನಿಕಾಯಿ ಸರ್.”

“ಇದ್ರಾಗ?”

“ಅದೂ ಬದ್ನಿಕಾಯೇ ಸರ್.”

“ತಳದಾಗ ಏನಿಟ್ಟೀ?”

“ತಳದಾಗೂ ಬದ್ನಿಕಾಯೇ ರೀ.”

ಲಾಠಿಯ ತುದಿ ಚೀಲದೊಳಗೆ ಹೋಗಿ ಬರುತ್ತದೆ. ಎಳೆಯವು ನಾಲ್ಕು ಬ್ಯಾರಿಕೇಡಿನ ಆಚೆಗೇ ಉಳಿಯುತ್ತವೆ, ಹೆಚ್ಚಿನ ತನಿಖೆಗೆ ಬೇಕಾಗಬಹುದು. ಅಷ್ಟರಲ್ಲಿ ಕರಿಗಾಜಿನ ಎರಡು ಇನ್ನೋವಾ ಹಾರ್ನ್ ಹೊಡೆಯುತ್ತ ಹಾದುಹೋಗುತ್ತವೆ. ಇನ್ನೋವಾದ ಚೀಲ ಬಿಚ್ಚಿಸುವ ಪದ್ಧತಿ ನಮ್ಮಲ್ಲಿಲ್ಲ.

ಭದ್ರತೆಯೇ ಬೇಡ ಎನ್ನುವ ಧೈರ್ಯ ನನಗಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರನ್ನು ಕೊಂದರಲ್ಲ, ಸತ್ತವರಲ್ಲಿ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ಪ್ರವಾಸಿಗರನ್ನೇ ನಂಬಿ ಬದುಕುವ ಈ ಸೀಮೆಯಲ್ಲಿ ಆ ಸುದ್ದಿಗೆ ಎದೆ ಝಲ್ಲೆನ್ನದವರು ಯಾರೂ ಇರಲಿಲ್ಲ. ನನ್ನ ತಕರಾರು ಬದನೆಕಾಯಿಯ ಬಗ್ಗೆ ಮಾತ್ರ.

ಬ್ಯಾರಿಕೇಡು ದಾಟಿ ಬಂದವರಿಗೆ ಲಾಡ್ಜಿನ ರಿಜಿಸ್ಟರ್ ಕಾದಿರುತ್ತದೆ. ಹೆಸರು, ಊರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಬಂದ ಉದ್ದೇಶ. ಜೊತೆಗೆ ಆಧಾರ್ ಜೆರಾಕ್ಸ್. ಉದ್ದೇಶದ ಕಾಲಮ್ಮಿನಲ್ಲಿ ಮೊದಲನೆಯವನು ‘ಹಂಪಿ ನೋಡಲು’ ಎಂದು ಬರೆದರೆ ಮುಗಿಯಿತು, ಪುಟದ ತಳದವರೆಗೂ ಬರೀ ಡಿಟ್ಟೋ ಗುರುತು. ‘ಬಾಂಬು ಇಡಲು’ ಎಂದು ತುಂಬುವಷ್ಟು ಪ್ರಾಮಾಣಿಕ ಭಯೋತ್ಪಾದಕ ಬರಲಿ ಎಂದು ಆ ಕಾಲಮ್ಮು ಇವತ್ತಿಗೂ ಕಾಯುತ್ತಿದೆ.

ಹೀಗೆ ಕಾಯುವುದರಲ್ಲಿ ನಮ್ಮ ಸೀಮೆಯ ಅನುಭವ ದೊಡ್ಡದು. 1443ರಲ್ಲಿ ಇಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ವಿಜಯನಗರಕ್ಕೆ ಒಂದರೊಳಗೊಂದರಂತೆ ಏಳು ಕೋಟೆ ಇದ್ದವೆಂದು ಬರೆದಿದ್ದಾನೆ. ಆ ಏಳು ಕೋಟೆಯೊಳಗೆ ಏನೇ ನಡೆದರೂ ತಿಳಿದುಕೊಳ್ಳಲು ಹನ್ನೆರಡು ಸಾವಿರ ಕಾವಲುಗಾರರು. ಅವರ ಸಂಬಳ ವೇಶ್ಯಾಗೃಹಗಳ ತೆರಿಗೆಯಿಂದ. ಕಳುವಾದ ಮಾಲನ್ನು ಹುಡುಕಿ ತರದಿದ್ದರೆ ಕಾವಲುಗಾರರೇ ದಂಡ ತೆರಬೇಕಿತ್ತಂತೆ. (ವಿಜಯನಗರದ ವೈಭವ ಮರಳಿ ಬರಲಿ ಎಂದು ವೇದಿಕೆಯಲ್ಲಿ ಗಂಟಲು ಹರಿದುಕೊಳ್ಳುವವರು ಈ ಒಂದು ವೈಭವದ ಸುದ್ದಿಯನ್ನೇಕೋ ಎತ್ತುವುದಿಲ್ಲ.)

ಇಷ್ಟೆಲ್ಲ ಇದ್ದೂ, ರಜಾಕ್ ಇನ್ನೂ ಕಲ್ಲಿಕೋಟೆಯಲ್ಲಿದ್ದಾಗಲೇ, ಇಮ್ಮಡಿ ದೇವರಾಯನ ಮೇಲೆ ದಾಳಿ ಆಯಿತು. ದಾಳಿಕೋರ ಏಳು ಕೋಟೆ ಹಾರಿ ಬಂದವನಲ್ಲ, ದೊರೆಯ ಒಡಹುಟ್ಟಿದವನೇ. ರಜಾಕ್ ಹೇಳುವಂತೆ, ಅವನು ಹೊಸ ಮನೆ ಕಟ್ಟಿಸಿ ದೊಡ್ಡದೊಡ್ಡವರನ್ನೆಲ್ಲ ಊಟಕ್ಕೆ ಕರೆದ. ಹೊರಗೆ ನಗಾರಿ, ಕಹಳೆಗಳ ಗದ್ದಲ. ಒಳಗೆ ಒಬ್ಬೊಬ್ಬರನ್ನೇ ಕೋಣೆಗೆ ಕರೆದು ಇರಿದು ಮುಗಿಸಿದರು. ಆಮೇಲೆ ಅರಮನೆಗೆ ಹೋಗಿ ದೊರೆಗೂ ಕಠಾರಿ ಹಾಕಿದ. ದೊರೆ ಸಿಂಹಾಸನದ ಹಿಂದೆ ಬಿದ್ದ, ಆದರೆ ಸಾಯಲಿಲ್ಲ. ಎದ್ದವನೇ ಒಡಹುಟ್ಟಿದವನನ್ನು ಕೊಲ್ಲಿಸಿದ. ನಂತರ ತನಿಖೆ. ಸಂಚಿನಲ್ಲಿದ್ದವರ ಚರ್ಮ ಸುಲಿಸಿದರು, ಸುಟ್ಟರು, ಅವರ ಮನೆಮಂದಿಯನ್ನೂ ಬಿಡಲಿಲ್ಲ. ಪಟ್ಟಿಯ ತುದಿಯಲ್ಲಿ ಒಬ್ಬ ಉಳಿದಿದ್ದ, ಊಟದ ಕರೆಯೋಲೆ ಹಂಚಿದವನು. ಅವನನ್ನೂ ಕೊಂದರು.

“ಊಟಕ್ಕೆ ಬರಬೇಕಂತೆ” ಎಂದು ಮನೆಮನೆಗೆ ಹೇಳಿ ಬಂದವನಿಗೆ ಒಳಗೆ ಏನು ಬಡಿಸುತ್ತಾರೆಂದು ಗೊತ್ತಿತ್ತೇ ಎಂದು ಕೇಳುವ ವ್ಯವಧಾನ ಅಂಥ ಹೊತ್ತಿನಲ್ಲಿ ಯಾರಿಗಿರುತ್ತದೆ? ಏಳು ಕೋಟೆ ಯಾಕೆ ಕೆಲಸಕ್ಕೆ ಬರಲಿಲ್ಲ, ಹನ್ನೆರಡು ಸಾವಿರ ಜನ ಏನು ಮಾಡುತ್ತಿದ್ದರು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ತ್ರಾಸಿನ ಕೆಲಸ. ಓಲೆಯವನು ಹಾಗಲ್ಲ, ಕೈಗೆ ಸಿಗುತ್ತಾನೆ.

2007ರಲ್ಲಿ ಅವನು ಆಸ್ಟ್ರೇಲಿಯಾದಲ್ಲಿ ಸಿಕ್ಕ. ಈ ಸಲ ಮೂಡಿಗೆರೆಯಲ್ಲಿ ಹುಟ್ಟಿ, ಬೆಂಗಳೂರಿನ ಅಳಿಯನಾಗಿ, ಗೋಲ್ಡ್ ಕೋಸ್ಟಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಡಾಕ್ಟರ್ ಮೊಹಮ್ಮದ್ ಹನೀಫ್. ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದವನು ಇವರಿಗೆ ದೂರದ ದಾಯಾದಿ. ಇಂಗ್ಲೆಂಡ್ ಬಿಡುವಾಗ ಹನೀಫ್ ತಮ್ಮ ಸಿಮ್ ಕಾರ್ಡನ್ನು ಆ ದಾಳಿಕೋರನ ತಮ್ಮನಿಗೆ ಕೊಟ್ಟು ಬಂದಿದ್ದರು. ನಮ್ಮ ಕಡೆ ಇದನ್ನು ಸಂಬಂಧ ಎನ್ನುತ್ತಾರೆ. ಜುಲೈ 2ರಂದು, ಆಗಷ್ಟೇ ಹುಟ್ಟಿದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟವರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ದೋಷಾರೋಪವಿಲ್ಲದೆ 12 ದಿನ ಕೂಡಿಹಾಕಿದರು. ಸಿಮ್ ಸಿಕ್ಕಿದ್ದು ಉರಿದ ಜೀಪಿನಲ್ಲಿ ಎಂದು ಕೋರ್ಟಿನಲ್ಲಿ ವಾದವಾಯಿತು. ಸಿಮ್ ಇದ್ದದ್ದು ಲಿವರ್‌ಪೂಲಿನಲ್ಲಿ, ಜೀಪಿನಿಂದ ನೂರಾರು ಕಿಲೋಮೀಟರ್ ಆಚೆ. ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟ ದಿನವೇ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ ಹನೀಫರ ವೀಸಾ ರದ್ದು ಮಾಡಿದರು. ಜೈಲಿನ ಬಾಗಿಲು ತೆರೆಯುವ ಮೊದಲೇ ಇನ್ನೊಂದು ಬಾಗಿಲಿಗೆ ಬೀಗ! ಜುಲೈ 27ಕ್ಕೆ ಕೇಸು ಬಿದ್ದುಹೋಯಿತು. ಸರ್ಕಾರವೇ ನೇಮಿಸಿದ ಕ್ಲಾರ್ಕ್ ವಿಚಾರಣೆ, ಇವರ ವಿರುದ್ಧ ಕೇಸು ಹಾಕಿದ್ದೇ ತಪ್ಪು ಎಂದಿತು. 2010ರಲ್ಲಿ ಪರಿಹಾರವನ್ನೂ ಕೊಟ್ಟರು.

ಪರಿಹಾರ ಎಂಬ ಆ ಕೊನೆಯ ಭಾಗವನ್ನು ನಾವು ಆಸ್ಟ್ರೇಲಿಯಾದಿಂದ ಆಮದು ಮಾಡಿಕೊಂಡಿಲ್ಲ. ಉಳಿದದ್ದಕ್ಕೆ ಆಮದಿನ ಅಗತ್ಯವಿರಲಿಲ್ಲ.

2012ರ ಆಗಸ್ಟ್ ಕೊನೆಗೆ ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಹತ್ತಾರು ಯುವಕರನ್ನು ಪೊಲೀಸರು ಹಿಡಿದರು. ಪತ್ರಕರ್ತರನ್ನೂ ರಾಜಕಾರಣಿಗಳನ್ನೂ ಕೊಲ್ಲುವ ಸಂಚು ಎಂಬುದು ಆರೋಪ. ಕೇಸೇ ಬುರುಡೆ ಎನ್ನುವಂತಿಲ್ಲ, 13 ಮಂದಿ ತಪ್ಪೊಪ್ಪಿಕೊಂಡು 2016ರಲ್ಲಿ ಶಿಕ್ಷೆ ಪಡೆದರು. ಆದರೆ ಅದೇ ಬಲೆಯಲ್ಲಿ ಡೆಕ್ಕನ್ ಹೆರಾಲ್ಡ್ ವರದಿಗಾರ ಮುತೀವುರ್ ರೆಹಮಾನ್ ಸಿದ್ದಿಕಿ ಇದ್ದರು, ಡಿಆರ್‌ಡಿಓದ ಒಬ್ಬ ಯುವ ವಿಜ್ಞಾನಿಯೂ ಇದ್ದರು. ಸಿದ್ದಿಕಿ ಮಾಡಿದ್ದು ಇಷ್ಟೇ: ಬೆಂಗಳೂರಿನ ಬಾಡಿಗೆ ದುಬಾರಿ ಎಂದು ನಾಲ್ಕು ಜನರ ಜೊತೆ ಒಂದೇ ಮನೆಯಲ್ಲಿದ್ದದ್ದು. ಹೊಸಪೇಟೆಯಿಂದ ಬೆಂಗಳೂರಿಗೆ ಹೋದ ನಮ್ಮ ಹುಡುಗರೆಲ್ಲ ಇರುವುದು ಹಾಗೆಯೇ. ರೂಮಿನವನು ರಾತ್ರಿ ಯಾರ ಜೊತೆ ಚಾಟ್ ಮಾಡುತ್ತಾನೆಂದು ಅವರಿಗೆ ಗೊತ್ತೇ? ಬಾಡಿಗೆಯ ತನ್ನ ಪಾಲು ಯಾವಾಗ ಕೊಡುತ್ತಾನೆಂಬುದೇ ಗೊತ್ತಿರುವುದಿಲ್ಲ.

ಟಿವಿಗೆ ಮಾತ್ರ ಎಲ್ಲವೂ ಗೊತ್ತಿತ್ತು. ಹೊತ್ತು ಮುಳುಗುವುದರೊಳಗೆ ಸಿದ್ದಿಕಿ ‘ಮಾಸ್ಟರ್‌ಮೈಂಡ್’ ಆಗಿಬಿಟ್ಟಿದ್ದರು. ಆರು ತಿಂಗಳ ನಂತರ, ತನಿಖೆ ಮಾಡಿದ ಕೇಂದ್ರದ ಎನ್‌ಐಎ ಹಾಕಿದ ಚಾರ್ಜ್‌ಶೀಟಿನಲ್ಲಿ ಹೆಸರೇ ಇಲ್ಲದ ಕಾರಣ ಮನೆಗೆ ಬಂದಾಗ ಆ ಮೈಂಡು ಎಲ್ಲಿ ಹೋಯಿತೆಂದು ಯಾವ ಆ್ಯಂಕರೂ ಕೇಳಲಿಲ್ಲ. ದೇವರಾಯನ ಕಾಲದಲ್ಲಿ ಒಳಗಿನವರ ಕೂಗು ಹೊರಗೆ ಕೇಳದಂತೆ ನಗಾರಿಯವರನ್ನು ಕರೆಸಬೇಕಿತ್ತು. ಈಗ ಅವರು ಕೇಬಲ್ಲಿನಲ್ಲಿ ತಾವಾಗಿಯೇ ಬರುತ್ತಾರೆ.

ಆರು ತಿಂಗಳೇ ಯಾಕೆ ಎಂದರೆ, ಕಾನೂನು ಇರುವುದೇ ಹಾಗೆ. ಕೊಲೆ ಮಾಡಿದವನ ಮೇಲೆ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಅವನಿಗೆ ಜಾಮೀನು ಕೇಳುವ ಹಕ್ಕುಂಟು. ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ ಕೇಸಿನಲ್ಲಿ ಅದನ್ನು 180 ದಿನಕ್ಕೆ ಎಳೆಯಬಹುದು. ಮುಂಬೈ ದಾಳಿಯ ಬಿಸಿ ಆರುವ ಮುಂಚೆ, 2008ರ ಡಿಸೆಂಬರಿನಲ್ಲಿ ಆದ ತಿದ್ದುಪಡಿ ಇದು. ಅದರ ಜೊತೆಗೇ ಬಂದ 43ಡಿ(5) ಎಂಬ ಇನ್ನೊಂದು ಕಲಂ ಪ್ರಕಾರ, ಪೊಲೀಸರ ಕಾಗದ ನೋಡಿದ ಮೇಲೆ ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಡ್ಜು ಜಾಮೀನು ಕೊಡುವಂತಿಲ್ಲ. ಕಾಗದ ಬರೆಯುವವರೂ ಪೊಲೀಸರೇ. ತಾವು ಬರೆದದ್ದು ಮೇಲ್ನೋಟಕ್ಕೇ ಸುಳ್ಳು ಕಾಣುವಂತೆ ಯಾರು ಬರೆದಾರು? ವಿಚಾರಣೆ ವರ್ಷಗಟ್ಟಲೆ ಎಳೆದರೆ ಜಾಮೀನು ಕೊಡಬಹುದು ಎಂದು 2021ರಲ್ಲಿ ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಮನುಷ್ಯ ಆ ಹೊತ್ತಿಗೆ ಐದು ವರ್ಷ ಒಳಗಿದ್ದ.

ತನಿಖೆಯ ಕೆಲಸ ನಡೆಯುವುದೇ ಇಲ್ಲವೆಂದಲ್ಲ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬು ಸಿಡಿಯಿತು. ಇಟ್ಟವನೆಂದು ಶಂಕಿಸಲಾದವನು ಬಸ್ಸು ಹಿಡಿದು ಬಳ್ಳಾರಿ ಕಡೆಗೇ ಬಂದ ಎಂಬ ಸುದ್ದಿಗೆ ನಮ್ಮ ಸೀಮೆ ಒಂದು ವಾರ ಬಾಗಿಲು ಹಾಕಿಕೊಂಡು ಮಲಗಿತು. ತನಿಖೆಯವರು ಕ್ಯಾಮೆರಾ ನೋಡಿದರು, ಬಿಟ್ಟುಹೋದ ಟೋಪಿಯ ಜಾಡು ಹಿಡಿದರು, ಏಪ್ರಿಲ್ 12ಕ್ಕೆ ಪಶ್ಚಿಮ ಬಂಗಾಳದಲ್ಲಿ ಇಬ್ಬರನ್ನು ಹಿಡಿದರು. ಒಂದು ಟೋಪಿ ಇಷ್ಟು ಮಾಡಿತು. ಬದನೆಕಾಯಿಯದು ಇದರಲ್ಲಿ ಏನೂ ಪಾತ್ರವಿಲ್ಲ. ರಿಜಿಸ್ಟರಿನದೂ ಇಲ್ಲ, ಯಾಕೆಂದರೆ ಆರೋಪಿಗಳು ಸುಳ್ಳು ಹೆಸರಿನಲ್ಲಿ ತಂಗಿದ್ದರೆಂದು ಎನ್‌ಐಎಯೇ ಹೇಳಿದೆ. ಇನ್ನು ಬಸ್ಸಿನ ಮಾತು. ನಮ್ಮ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಿಗೆ ಆಧಾರಿನಂಥ ಗುರುತಿನ ಚೀಟಿ ತೋರಿಸಬೇಕಾದವರು ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆಯ ಹೆಂಗಸರು. ಹೆಗಲಿಗೆ ಬ್ಯಾಗು ಹಾಕಿಕೊಂಡ ಗಂಡಸು ದುಡ್ಡು ಕೊಟ್ಟು ಟಿಕೆಟ್ ಹರಿಸಿಕೊಂಡರೆ ಸಾಕು.

ಕ್ಯಾಮೆರಾಕ್ಕೂ ನಮ್ಮಲ್ಲೊಂದು ಕಾಯ್ದೆ ಉಂಟು. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆಯಂತೆ ಒಮ್ಮೆಗೆ ನೂರು ಜನ, ಇಲ್ಲವೇ ದಿನಕ್ಕೆ ಐನೂರು ಜನ ಸೇರುವ ಕಡೆ ಸಿಸಿಟಿವಿ ಇರಬೇಕು, ಚಿತ್ರ 30 ದಿನ ಉಳಿಯಬೇಕು. ನಮ್ಮ ಕಡೆಯ ಕಲ್ಯಾಣ ಮಂಟಪಗಳು ಇದನ್ನು ಶ್ರದ್ಧೆಯಿಂದ ಪಾಲಿಸುತ್ತವೆ. ಒಂದು ಕ್ಯಾಮೆರಾ ಚಪ್ಪಲಿ ಬಿಡುವಲ್ಲಿ, ಇನ್ನೊಂದು ಅಡುಗೆಯವರು ಎಣ್ಣೆ ಡಬ್ಬ ಕದಿಯದಂತೆ ಉಗ್ರಾಣದಲ್ಲಿ. ಚಪ್ಪಲಿ ಕದಿಯುವವರು ಟೋಪಿ ಹಾಕುವುದಿಲ್ಲ, ಆದರೂ ಇನ್ನೂ ಸಿಕ್ಕಿಲ್ಲ.

ತುಂಗಭದ್ರಾ ಡ್ಯಾಮಿನ ಸಂಗತಿ ಹೇಳದೆ ಈ ಪುರಾಣ ಮುಗಿಯುವುದಿಲ್ಲ. ಅಣೆಕಟ್ಟಿನ ಮೇಲೆ ಸಾಮಾನ್ಯರು ಕಾಲಿಡುವಂತಿಲ್ಲ. ಅದು ಸರಿಯೇ, ನಾಲ್ಕು ಜಿಲ್ಲೆಯ ಅನ್ನ ಅಲ್ಲಿದೆ. ಶತ್ರು ಎಲ್ಲಿಂದಲಾದರೂ ಬರಬಹುದೆಂದು ಹಗಲೂ ರಾತ್ರಿ ಕಾವಲು. 2024ರ ಆಗಸ್ಟ್ 10ರ ರಾತ್ರಿ ಶತ್ರು ಬಂದೇ ಬಂದ. 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಆರೋಪಿ ತುಕ್ಕು, ವಯಸ್ಸು ಸುಮಾರು 70, ಕಾಯಂ ವಿಳಾಸ ಅದೇ ಡ್ಯಾಮು. ಇಷ್ಟು ವರ್ಷ ಕಾವಲಿನ ಒಳಗೇ ಇದ್ದವನು, ದೇವರಾಯನ ಒಡಹುಟ್ಟಿದವನಂತೆ. ರೈತರು ಎರಡನೆಯ ಬೆಳೆಯ ಆಸೆ ಬಿಟ್ಟು ನದಿ ನೋಡುತ್ತ ನಿಂತರು. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಆ ದಿನಗಳಲ್ಲಿಯೂ ಡ್ಯಾಮಿನ ದಾರಿಯಲ್ಲಿ ಪೊಲೀಸರು ಬಂದವರ ಗುರುತಿನ ಚೀಟಿ ಕೇಳುತ್ತಿದ್ದರು. ತುಕ್ಕಿನ ಬಳಿ ಗುರುತಿನ ಚೀಟಿ ಇರಲಿಲ್ಲ.

ಹನೀಫರನ್ನು ಹಿಡಿಸಿದ ಸಿಮ್ ಇತ್ತಲ್ಲ, ಈಗ ನಮ್ಮಲ್ಲಿ ಅದಕ್ಕೂ ಕಟ್ಟುನಿಟ್ಟು ಬಂದಿದೆ. ಒಬ್ಬರ ಹೆಸರಿನಲ್ಲಿ ಒಂಬತ್ತಕ್ಕಿಂತ ಹೆಚ್ಚು ಇಟ್ಟುಕೊಂಡರೆ ಮೊದಲ ಸಲಕ್ಕೇ 50 ಸಾವಿರದವರೆಗೆ ದಂಡ. ಅಂಗಡಿಯವರು ಆಧಾರ್ ಕೇಳುತ್ತಾರೆ, ಹೆಬ್ಬೆಟ್ಟು ಕೇಳುತ್ತಾರೆ, ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಲು ಹೇಳುತ್ತಾರೆ. ಮೊನ್ನೆ ಮೊಬೈಲ್ ಅಂಗಡಿಯೊಂದರಲ್ಲಿ ಅಜ್ಜಿಯೊಬ್ಬಳು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾಗಿದ್ದಳು.

“ಬರವಲ್ದು ನೋಡಬೇ. ಇನ್ನೊಂದು ಬೆರಳು ಇಡು.”

“ಎಲ್ಲಾ ಬೆರಳೂ ಅಷ್ಟೇ ಅಪ್ಪಾ. ಕಬ್ಬು ಕಡದು ಕಡದು ಸವದಾವು.”

“ಹಂಗಾರ ನಿನ್ನ ಹೆಸರಿಗೆ ಸಿಮ್ ಬರೂದಿಲ್ಲ.”

“ಮತ್ತ ಮಗಳಿಗೆ ಫೋನ್ ಹೆಂಗ ಮಾಡ್ಲಿ? ಯಾರದಾರ ಹೆಸರಿಲೆ ಒಂದು ಕೊಡು.”

ಅಂಗಡಿಯ ಹುಡುಗ ಬಾಗಿಲ ಕಡೆ ಒಮ್ಮೆ ನೋಡಿ ಡ್ರಾಯರ್ ಎಳೆದ. ಒಳಗೆ ಯಾರಯಾರದೋ ಹೆಸರಿನ ಚಾಲೂ ಸಿಮ್ಮುಗಳು, ರಬ್ಬರ್ ಬ್ಯಾಂಡ್ ಹಾಕಿ ಇಟ್ಟದ್ದು.

“ಐವತ್ತು ರೂಪಾಯಿ ಜಾಸ್ತಿ ಆಕ್ಕೈತಿ” ಎಂದ.